ಎರಡು ಹಡಗುಗಳ ನಡುವಣ ಹೊತ್ತು: ಕ್ರೂಸ್ ಬಂದರಿನಲ್ಲಿ ಪ್ರಯಾಣಿಕರ ಹಾಗೂ ಲಗೇಜಿನ ವರ್ಗಾವಣೆ

ಸರಕು ಸಾಗಣೆಯ ವ್ಯವಹಾರ ಬಲ್ಲವರಿಗೆ ನಡುದಾರಿಯ ಬಂದರಿನಲ್ಲಿ ಹಡಗು ಬದಲಿಸುವುದು ಹೊಸ ವಿಷಯವಲ್ಲ. ಭಾರತದಿಂದ ಹೊರಡುವ ಎಷ್ಟೋ ಕಂಟೇನರುಗಳು ಕೊಲಂಬೊದಲ್ಲಿ ಇಳಿದು, ಅಲ್ಲಿಂದ ಬೇರೆ ಹಡಗನ್ನೇರಿ ಯುರೋಪಿಗೋ ಅಮೆರಿಕಕ್ಕೋ ಸಾಗುತ್ತವೆ. ಒಂದೇ ಥ್ರೂ ಬಿಲ್ ಆಫ್ ಲೇಡಿಂಗ್ ಇದ್ದಲ್ಲಿ ಈ ಇಳಿಸುವ, ಏರಿಸುವ ಕೆಲಸ ಸಾಮಾನ್ಯವಾಗಿ ಸಾಗಣೆದಾರನ ಪಾಲಿನದು. ರಫ್ತುದಾರನು ಕೊಲಂಬೊಗೆ ಹೋಗಿ ನಿಲ್ಲಬೇಕಾಗಿಲ್ಲ. ವಿಮಾನಯಾನದಲ್ಲಿಯೂ ಒಂದೇ ಟಿಕೆಟಿನಲ್ಲಿ ಎರಡು ವಿಮಾನ ಹಿಡಿಯುವವನ ಪೆಟ್ಟಿಗೆ ಅನೇಕ ಕಡೆ ನೇರವಾಗಿ ಎರಡನೆಯ ವಿಮಾನಕ್ಕೆ ರವಾನೆಯಾಗುತ್ತದೆ. ಆದರೆ ವಿಹಾರ ನೌಕೆಗಳ, ಅರ್ಥಾತ್ ಕ್ರೂಸ್ ಹಡಗುಗಳ ಉದ್ಯಮದಲ್ಲಿ ಇಂತಹ ಏರ್ಪಾಡು ಸಾಮಾನ್ಯವಾಗಿ ಇಲ್ಲ. ಬೆಳಿಗ್ಗೆ ಒಂದು ಹಡಗಿನಿಂದಿಳಿದು ಅದೇ ದಿನ ಇನ್ನೊಂದನ್ನು ಏರುವ ಪ್ರಯಾಣಿಕನ ಮಟ್ಟಿಗೆ ಆ ನಡುವಣ ಹೊತ್ತು ಯಾರ ಕರಾರಿಗೂ ಸೇರದ ಹೊತ್ತು.

ತಮ್ಮ ವಿತರಕರಿಗೆ ಬಹುಮಾನವಾಗಿ ವಿದೇಶ ಪ್ರವಾಸ ಏರ್ಪಡಿಸುವ ತಯಾರಕರಿಗೂ, ಬಂದರನ್ನು ನಂಬಿ ವ್ಯಾಪಾರ ನಡೆಸುವ ವರ್ತಕರಿಗೂ ಈ ಹೊತ್ತಿನ ಲೆಕ್ಕಾಚಾರ ತಿಳಿದಿರುವುದು ಪ್ರಯೋಜನಕರ.

ಒಂದೇ ಹಗಲಿನ ಕೆಲಸ

ಅಮೆರಿಕದ ಫ್ಲೋರಿಡಾ ರಾಜ್ಯದ ಮಯಾಮಿ ಬಂದರು ಹಾಗೂ ಅದರ ಉತ್ತರಕ್ಕೆ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿರುವ ಪೋರ್ಟ್ ಎವರ್‌ಗ್ಲೇಡ್ಸ್ ಕೆರಿಬಿಯನ್ ಕ್ರೂಸ್ ಪ್ರಯಾಣಗಳ ಹೆಬ್ಬಾಗಿಲುಗಳು. ಇಲ್ಲಿ ಹಡಗು ನಸುಕಿನಲ್ಲಿಯೇ ಧಕ್ಕೆಗೆ ಬಂದು, ಹಳೆಯ ಪ್ರಯಾಣಿಕರನ್ನು ಇಳಿಸಿ, ಅದೇ ಸಂಜೆ ಹೊಸಬರೊಡನೆ ಹೊರಡುತ್ತದೆ. ಇದಕ್ಕೆ ಟರ್ನ್‌ಅರೌಂಡ್ ದಿನ ಎಂದು ಹೆಸರು.

ಕೆಲಸದ ಪ್ರಮಾಣವನ್ನು ಒಂದು ಉದಾಹರಣೆಯಿಂದ ಅಳೆಯಬಹುದು. 2024ರ ಜನವರಿಯಲ್ಲಿ ಮಯಾಮಿಯಿಂದ ಸಂಚಾರ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಹಡಗು ಕೋಣೆಗೆ ಇಬ್ಬರ ಲೆಕ್ಕದಲ್ಲಿ 5,610 ಪ್ರಯಾಣಿಕರನ್ನು ಒಯ್ಯುತ್ತದೆ. ತಲಾ ಎರಡು ಪೆಟ್ಟಿಗೆಯೆಂದು ಹಿಡಿದರೂ ಹನ್ನೊಂದು ಸಾವಿರಕ್ಕೂ ಮಿಕ್ಕಿ ಪೆಟ್ಟಿಗೆಗಳು ಇಳಿಯಬೇಕು, ಅಷ್ಟೇ ಏರಬೇಕು. ಅದೇ ಧಕ್ಕೆಯಲ್ಲಿ, ಅದೇ ವೇಳೆಯಲ್ಲಿ ವಾರದ ತರಕಾರಿ, ಧಾನ್ಯ, ಮಾಂಸ, ಪಾನೀಯಗಳೂ ಹಡಗಿಗೆ ಏರುತ್ತಿರುತ್ತವೆ.

ಇಷ್ಟೊಂದು ಲಗೇಜು ಗೊಂದಲವಿಲ್ಲದೆ ಸಾಗುವುದು ಸರಳವಾದ ಒಂದು ಚೀಟಿಯ ಬಲದಿಂದ. ಕೊನೆಯ ರಾತ್ರಿ ಪ್ರಯಾಣಿಕರು ತಮಗೆ ಕೊಟ್ಟ ಬಣ್ಣ ಅಥವಾ ಸಂಖ್ಯೆಯ ಚೀಟಿ ಕಟ್ಟಿ ಪೆಟ್ಟಿಗೆಗಳನ್ನು ಕೋಣೆಯ ಬಾಗಿಲಾಚೆ ಇಡುತ್ತಾರೆ. ಸಿಬ್ಬಂದಿ ಅವನ್ನು ರಾತ್ರೋರಾತ್ರಿ ಕೆಳ ಅಂತಸ್ತಿಗೆ ಸಾಗಿಸಿ, ದೊಡ್ಡ ಪಂಜರಗಳಲ್ಲಿ ತುಂಬುತ್ತಾರೆ. ಬೆಳಿಗ್ಗೆ ಫೋರ್ಕ್‌ಲಿಫ್ಟುಗಳು ಈ ಪಂಜರಗಳನ್ನು ಟರ್ಮಿನಲ್ಲಿಗೆ ಒಯ್ಯುತ್ತವೆ. ಅಲ್ಲಿ ಚೀಟಿಯ ಪ್ರಕಾರ ಸಾಲುಗಳಲ್ಲಿ ಜೋಡಿಸಲಾಗುತ್ತದೆ. ಸಂಖ್ಯೆ ಕರೆದಂತೆ ಪ್ರಯಾಣಿಕರು ಇಳಿದು, ತಮ್ಮದನ್ನು ಗುರುತಿಸಿ, ವಲಸೆ ಹಾಗೂ ಸುಂಕದ ತಪಾಸಣೆ ದಾಟಿ ಹೊರಬರುತ್ತಾರೆ. ಮೊದಲನೆಯ ಹಡಗಿನ ಜವಾಬ್ದಾರಿ ಈ ಬಾಗಿಲಿಗೆ ಮುಗಿಯುತ್ತದೆ.

ಒಂದೇ ಹಡಗು, ಎರಡು ಹಡಗು

ಎರಡು ಪ್ರಯಾಣಗಳನ್ನು ಬೆನ್ನಿಗೆ ಬೆನ್ನಾಗಿ ಕಾಯ್ದಿರಿಸುವುದನ್ನು ಉದ್ಯಮದಲ್ಲಿ ಬ್ಯಾಕ್ ಟು ಬ್ಯಾಕ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ.

ಹಡಗು ಅದೇ, ಕೋಣೆಯೂ ಅದೇ ಆಗಿದ್ದರೆ ಲಗೇಜು ಕದಲುವುದೇ ಇಲ್ಲ. ಕೋಣೆ ಬದಲಾದರೆ ಸಿಬ್ಬಂದಿಯೇ ಪೆಟ್ಟಿಗೆಗಳನ್ನೂ ತೂಗುಹಾಕಿದ ಬಟ್ಟೆಗಳನ್ನೂ ಹೊಸ ಕೋಣೆಗೆ ಮುಟ್ಟಿಸುತ್ತಾರೆ. ಪ್ರಯಾಣಿಕರು ಮಾತ್ರ ಅಮೆರಿಕದ ಬಂದರುಗಳಲ್ಲಿ ಕಾಗದಪತ್ರಗಳೊಡನೆ ತಪಾಸಣೆಗೆ ಹಾಜರಾಗಿ ಮರಳಬೇಕು. ಹಳೆಯ ಪ್ರಯಾಣಿಕರೆಲ್ಲರ ಲೆಕ್ಕ ಮುಗಿದ ಮೇಲೆಯೇ ಹೊಸಬರನ್ನು ಹತ್ತಿಸಿಕೊಳ್ಳುವುದು ಅಲ್ಲಿನ ರೂಢಿ.

ಎರಡನೆಯ ಪ್ರಯಾಣ ಬೇರೆ ಹಡಗಿನದಾದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಒಬ್ಬನೇ ಪ್ರಯಾಣಿಕನಾದರೂ ಕರಾರುಗಳು ಎರಡು. ಲಗೇಜನ್ನು ತಾನೇ ಪಡೆದು, ವಾಹನ ಹಿಡಿದು, ಇನ್ನೊಂದು ಟರ್ಮಿನಲ್ ತಲುಪಿ, ಹೊಸ ಹಡಗಿನ ಚೀಟಿ ಕಟ್ಟಿ ಪೋರ್ಟರಿಗೆ ಒಪ್ಪಿಸಬೇಕು. ಎರಡನೆಯ ಹಡಗು ಅದೇ ಬಂದರಿನಲ್ಲಿದ್ದರೆ ದಾರಿ ಹತ್ತಿರ; ಪೋರ್ಟ್ ಎವರ್‌ಗ್ಲೇಡ್ಸ್‌ನಲ್ಲಿ ಇಳಿದು ಮಯಾಮಿಯಲ್ಲಿ ಏರಬೇಕಾದರೆ ಸುಮಾರು 40 ಕಿಲೋಮೀಟರ್ ರಸ್ತೆ ಪ್ರಯಾಣ. ಬಾಡಿಗೆ ವ್ಯಾನಿನವರು, ಲಗೇಜು ಕಾಯ್ದಿಡುವವರು, ಪೋರ್ಟರುಗಳು, ಹಗಲು ಹೊತ್ತಿಗೆ ಮಾತ್ರ ಕೋಣೆ ಕೊಡುವ ಹೋಟೆಲಿನವರು ಇವರೆಲ್ಲರ ಗಳಿಕೆ ಇರುವುದು ಈ ತೆರಪಿನಲ್ಲಿಯೇ.

ಕಾಲದ ಕಟ್ಟುಪಾಡು ಕಠಿಣವಾದುದು. ಅಮೆರಿಕದ ನಿಯಮದಂತೆ ಪ್ರಯಾಣಿಕರ ಪಟ್ಟಿಯನ್ನು ಹಡಗು ಹೊರಡುವ 60 ನಿಮಿಷ ಮೊದಲೇ ಸುಂಕ ಮತ್ತು ಗಡಿ ಇಲಾಖೆಗೆ ಸಲ್ಲಿಸಬೇಕು. ಆದುದರಿಂದ ನೋಂದಣಿ ಅದಕ್ಕೆ ಮುಂಚೆಯೇ ಮುಕ್ತಾಯವಾಗುತ್ತದೆ. ತಡವಾಗಿ ಬಂದವನನ್ನು ಸಂಸ್ಥೆ ಬಯಸಿದರೂ ಹತ್ತಿಸಿಕೊಳ್ಳುವುದು ಕಷ್ಟ. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಂತಹ ಬಂದರುಗಳಲ್ಲಿ ಚಳಿಗಾಲದ ಮಂಜಿನಿಂದ ಹಡಗು ದಾರಿ ಮುಚ್ಚಿ, ಬೆಳಿಗ್ಗೆ ಸೇರಬೇಕಾದ ಹಡಗು ಮಧ್ಯಾಹ್ನ ಸೇರಿದ ಪ್ರಸಂಗಗಳುಂಟು. ಅಂಥ ದಿನ ಅದೇ ಹಡಗಿನಲ್ಲಿ ಮುಂದುವರಿಯುವವನಿಗೆ ನಷ್ಟವಿಲ್ಲ. ಬೇರೆ ಹಡಗು ಹಿಡಿಯಬೇಕಾದವನಿಗಾಗಿ ಆ ಹಡಗು ಕಾಯುವುದಿಲ್ಲ.

ಕಾನೂನೇ ಹಡಗು ಬದಲಿಸಿದಾಗ

ದರ, ಮಾರ್ಗ ಇವುಗಳಿಗಾಗಿ ಹಡಗು ಬದಲಿಸುವವರು ಬಹಳ. ಆದರೆ ಕೆಲವೊಮ್ಮೆ ಕಾನೂನೇ ಬದಲಿಸುವಂತೆ ಮಾಡುತ್ತದೆ. 1886ರಲ್ಲಿ ಜಾರಿಗೆ ಬಂದ ಅಮೆರಿಕದ ಪ್ರಯಾಣಿಕ ಹಡಗು ಸೇವೆಗಳ ಕಾಯಿದೆಯು, ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದು ಅಮೆರಿಕನ್ ಬಂದರಿಗೆ ವಿದೇಶಿ ಧ್ವಜದ ಹಡಗು ಪ್ರಯಾಣಿಕರನ್ನು ಸಾಗಿಸುವುದನ್ನು ನಿರ್ಬಂಧಿಸುತ್ತದೆ. ನಡುವೆ ದೂರದ ವಿದೇಶಿ ಬಂದರೊಂದನ್ನು ಮುಟ್ಟಿದರೆ ವಿನಾಯಿತಿಯುಂಟು. ನೆರೆಯ ಕೆನಡಾದ ಬಂದರು ಈ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹುತೇಕ ಎಲ್ಲವೂ ವಿದೇಶಿ ಧ್ವಜದವು.

ಒಬ್ಬನು ಸಿಯಾಟಲ್‌ನಿಂದ ಕೆನಡಾದ ವ್ಯಾಂಕೂವರಿಗೆ ಒಂದು ಟಿಕೆಟ್, ವ್ಯಾಂಕೂವರಿನಿಂದ ಅಲಾಸ್ಕದ ಸೀವರ್ಡ್‌ಗೆ ಇನ್ನೊಂದು ಟಿಕೆಟ್ ಪಡೆದನೆನ್ನೋಣ. ಎರಡೂ ಒಂದೇ ಹಡಗಿನಲ್ಲಾದರೆ ಕಾನೂನಿನ ದೃಷ್ಟಿಯಲ್ಲಿ ಅದು ಸಿಯಾಟಲ್‌ನಿಂದ ಸೀವರ್ಡ್‌ಗೆ ಒಂದೇ ಪ್ರಯಾಣ. ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಹಡಗಿಗೆ ದಂಡ ಬೀಳುತ್ತದೆ. ವ್ಯಾಂಕೂವರಿನಲ್ಲಿ ಬೇರೆ ಹಡಗನ್ನೇರಿದರೆ ಉಲ್ಲಂಘನೆಯಿಲ್ಲ. ಟಿಕೆಟು ಎರಡಾದರೆ ಸಾಲದು, ಹಡಗು ಎರಡಾಗಬೇಕು. ವ್ಯಾಂಕೂವರಿನಲ್ಲಿ ಇದು ಸಾಧ್ಯವಾಗುವುದಕ್ಕೆ ಒಂದು ಅನುಕೂಲವಿದೆ: ಅಲ್ಲಿನ ಕೆನಡಾ ಪ್ಲೇಸ್ ಟರ್ಮಿನಲ್ಲಿನಲ್ಲಿ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಹಡಗುಗಳು ತಂಗಬಲ್ಲವು, ಅಮೆರಿಕದ ವಲಸೆ ತಪಾಸಣೆಯೂ ಅಲ್ಲಿಯೇ ನಡೆಯುತ್ತದೆ. ರಸ್ತೆ ಪ್ರಯಾಣದ ಗೋಜಿಲ್ಲದಿದ್ದರೂ ಪೆಟ್ಟಿಗೆ ಎಳೆಯುವ ಕೆಲಸ ಪ್ರಯಾಣಿಕನದೇ.

ಹೊಣೆ ಯಾರದು?

ಸಮುದ್ರ ಪ್ರಯಾಣಿಕರ ಲಗೇಜಿನ ಬಗ್ಗೆ ಅಥೆನ್ಸ್ ಒಡಂಬಡಿಕೆ ಎಂಬ ಅಂತರರಾಷ್ಟ್ರೀಯ ಕಟ್ಟಳೆ 1974ರಲ್ಲಿ ರೂಪುಗೊಂಡಿತು. ಅದನ್ನು ತಿದ್ದಿದ 2002ರ ಒಪ್ಪಂದವು 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಅದರಂತೆ ಕೋಣೆಯ ಲಗೇಜಿಗೆ ಪ್ರಯಾಣಿಕನೊಬ್ಬನಿಗೆ 2,250, ಸಂಸ್ಥೆಗೆ ಒಪ್ಪಿಸಿದ ಇತರ ಲಗೇಜಿಗೆ 3,375 ಎಸ್.ಡಿ.ಆರ್. ಪರಿಹಾರದ ಮೇಲ್ಮಿತಿ. ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ಒಪ್ಪಿಸಿದ ಪೆಟ್ಟಿಗೆಗೆ ಕಣ್ಣಿಗೆ ಕಾಣುವ ಹಾನಿಯಾಗಿದ್ದರೆ ಅದನ್ನು ಮರಳಿ ಪಡೆಯುವಾಗಲೇ, ಕಾಣದ ಹಾನಿ ಅಥವಾ ನಷ್ಟವಾದರೆ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು.

ಇಲ್ಲಿ ಎರಡು ಸಂಗತಿ ಗಮನಾರ್ಹ. ಅಮೆರಿಕವು ಈ ಒಡಂಬಡಿಕೆಗೆ ಸೇರಿಲ್ಲ. ಅಲ್ಲಿ ಟಿಕೆಟಿನ ಕರಾರಿನ ಷರತ್ತುಗಳೇ ಮುಖ್ಯ. ಎರಡನೆಯದಾಗಿ, ಒಡಂಬಡಿಕೆ ಅನ್ವಯಿಸುವ ಕಡೆಯೂ ಮೊದಲ ಸಂಸ್ಥೆ ಪೆಟ್ಟಿಗೆ ಮರಳಿಸಿದ ಮೇಲೆ, ಎರಡನೆಯ ಸಂಸ್ಥೆ ವಹಿಸಿಕೊಳ್ಳುವ ಮುನ್ನ, ಪ್ರಯಾಣಿಕನೇ ಅದರ ಕಾವಲುಗಾರ. ಈ ಅವಧಿಗೆ ಪ್ರವಾಸ ವಿಮೆಯೊಂದೇ ಆಸರೆ.

ನಮ್ಮ ಬಂದರುಗಳ ಮಾತು

ಚಳಿಗಾಲದ ಋತುವಿನಲ್ಲಿ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುವುದು ನಮ್ಮ ಸದಸ್ಯರಿಗೆ ತಿಳಿದೇ ಇದೆ. ಇ-ವೀಸಾದ ಮೇಲೆ ದೇಶ ಪ್ರವೇಶಿಸಬಹುದಾದ ಬಂದರುಗಳಲ್ಲಿ ನವಮಂಗಳೂರೂ ಒಂದು. ಆದರೆ ಈ ಹಡಗುಗಳ ಪ್ರಯಾಣಿಕರು ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಪೆಟ್ಟಿಗೆಗಳು ಕೋಣೆಯಲ್ಲಿಯೇ ಉಳಿಯುತ್ತವೆ. ಬಸ್ಸು, ಟ್ಯಾಕ್ಸಿ, ಕರಕುಶಲ ವಸ್ತುಗಳ ವ್ಯಾಪಾರಕ್ಕೆ ಇದರಿಂದ ಪ್ರಯೋಜನವಾದರೂ, ಪ್ರಯಾಣ ಆರಂಭವಾಗುವ ಮತ್ತು ಮುಗಿಯುವ ಬಂದರಿಗೆ ದೊರೆಯುವ ಹೋಟೆಲ್ ವಾಸ, ಲಗೇಜು ಸೇವೆ, ದಿನಸಿ ಪೂರೈಕೆಗಳ ವಹಿವಾಟು ಇಲ್ಲಿ ಹುಟ್ಟುವುದಿಲ್ಲ. ಅಂತಹ ಕೆಲಸ ಮುಂಬಯಿಯಲ್ಲಿ ಬೆಳೆದಿದೆ. ಕಾರ್ಡೀಲಿಯಾ ಸಂಸ್ಥೆಯ ಹಡಗು 2021ರಲ್ಲಿ ಅಲ್ಲಿಂದ ಯಾನ ಆರಂಭಿಸಿತು. ಕೇಂದ್ರ ಸರಕಾರವು 2024ರ ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿಯೇ ಚಾಲನೆ ನೀಡಿದ ಕ್ರೂಸ್ ಭಾರತ ಅಭಿಯಾನದ ಗುರಿ, 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು.

ನಮ್ಮ ಕರಾವಳಿಗೂ ಪ್ರಯಾಣದ ಆರಂಭ ದೊರೆಯಬೇಕಾದರೆ ಧಕ್ಕೆಯ ಉದ್ದವೊಂದೇ ಸಾಲದು. ಸಾವಿರಾರು ಪೆಟ್ಟಿಗೆ ಸಾಲಾಗಿ ಇಡುವಷ್ಟು ಸೂರು, ಚೀಟಿ ನೋಡಿ ವಿಂಗಡಿಸಲು ತರಬೇತಾದ ಕೆಲಸಗಾರರು, ರಶೀದಿ ಕೊಟ್ಟು ಲಗೇಜು ಕಾಯುವ ಅಂಗಡಿ, ಹೇಳಿದ ವೇಳೆಗೆ ಬರುವ ವಾಹನ ಇವೆಲ್ಲ ಬೇಕು. ಇವು ಸಣ್ಣ ಬಂಡವಾಳಗಾರರು ವಹಿಸಿಕೊಳ್ಳಬಲ್ಲ ಕೆಲಸಗಳೇ ಆಗಿವೆ.

ಪ್ರವಾಸ ಏರ್ಪಡಿಸುವವರಿಗೆ ಕೆಲವು ಸೂಚನೆಗಳು

1. ಎರಡು ಹಡಗುಗಳ ನಡುವೆ ಒಂದು ರಾತ್ರಿಯ ಬಿಡುವು ಇರಿಸುವುದು ಲೇಸು. ಒಂದು ರಾತ್ರಿಯ ಹೋಟೆಲ್ ಖರ್ಚು, ತಪ್ಪಿದ ಹಡಗನ್ನು ಮುಂದಿನ ಬಂದರಿನಲ್ಲಿ ಹಿಡಿಯುವ ಖರ್ಚಿಗಿಂತ ಕಡಿಮೆ.

2. ಅದೇ ದಿನ ಬದಲಿಸಲೇಬೇಕಾದರೆ ಲಗೇಜನ್ನು ಹಿಂದಿನ ರಾತ್ರಿ ಒಪ್ಪಿಸದೆ, ತಾವೇ ಹೊತ್ತು ಮೊದಲ ಸರದಿಯಲ್ಲಿ ಇಳಿಯುವ ಅವಕಾಶವನ್ನು ಕೇಳಿ ಪಡೆಯಬೇಕು. ಪೆಟ್ಟಿಗೆಗಳು ಅದಕ್ಕೆ ತಕ್ಕಷ್ಟೇ ಇರಲಿ.

3. ಎರಡೂ ಹಡಗುಗಳು ಒಂದೇ ಸಂಸ್ಥೆಯವಾದರೆ ಲಗೇಜು ವರ್ಗಾವಣೆ ಮಾಡಿಕೊಡುವರೇ ಎಂದು ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಏಜೆಂಟರ ಬಾಯಿಮಾತು ಧಕ್ಕೆಯಲ್ಲಿ ನಿಲ್ಲದು.

4. ಪಾಸ್‌ಪೋರ್ಟ್, ಔಷಧಿ, ಹಣ, ಎರಡನೆಯ ಹಡಗಿನ ಕಾಗದಗಳು ಕೈಚೀಲದಲ್ಲಿಯೇ ಇರಬೇಕು. ಮೊದಲ ಹಡಗಿನಲ್ಲಿ ಕೊಂಡ ಮದ್ಯದ ಬಾಟಲಿಗಳನ್ನು ಎರಡನೆಯ ಹಡಗಿನವರು ತಡೆದಿರಿಸುವ ಸಂಭವವುಂಟು.

5. ಷೆಂಗೆನ್ ದೇಶಗಳ ಬಂದರಿನಿಂದ ಹೊರಟು ಟರ್ಕಿ ಅಥವಾ ಮೊರಾಕೊಗೆ ಹೋಗಿ ಮರಳುವ ಪ್ರಯಾಣವಾದರೆ, ಹಡಗು ಬದಲಿಸಲಿ, ಬದಲಿಸದಿರಲಿ, ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅನುಮತಿಸುವ ವೀಸಾ ಅವಶ್ಯ.

ಸರಕಿನ ವ್ಯವಹಾರದಲ್ಲಿ ಮಾಲು ಕೈಬದಲಾಗುವ ಪ್ರತಿ ಹಂತದಲ್ಲಿಯೂ ರಶೀದಿ ಕೇಳುವುದು ನಮ್ಮ ವರ್ತಕರ ರೂಢಿ. ಪ್ರಯಾಣಿಕರ ಪೆಟ್ಟಿಗೆಗೂ ಅದೇ ಕಟ್ಟುನಿಟ್ಟು ಅನ್ವಯಿಸಿದಲ್ಲಿ ಪ್ರವಾಸ ಸುಗಮವಾಗುತ್ತದೆ. ಆ ರಶೀದಿಯನ್ನು ಕೊಡಬಲ್ಲ ಸೇವೆಯನ್ನು ನಮ್ಮ ಬಂದರಿನಲ್ಲಿ ಕಟ್ಟಿದಲ್ಲಿ ಅದು ಒಂದು ಉದ್ಯಮವೂ ಆಗುತ್ತದೆ.