ಗಿಟಾರನ್ನು ನೆಚ್ಚಿದ ಬಾಳು

ಕಾಗಿಣಾ ತೀರದ ದಂಡೋತಿಯ ಕಡೆಯಲ್ಲಿ ತಂತಿವಾದ್ಯವೆಂದೊಡನೆ ತತ್ತ್ವಪದಗಾರರ ಏಕತಾರಿಯು ನೆನಪಾಗುವುದು. ಮಗನು ಆರು ತಂತಿಯ ಗಿಟಾರನ್ನು ಬೇಡಿದರೆ, ‘ಇದರಿಂದ ಹೊಟ್ಟೆ ತುಂಬೀತೇ?’ ಎಂದು ಹಿರಿಯರು ಕೇಳುವುದು ಸಹಜವೇ ಸರಿ. ಬೆಂಗಳೂರಿನ ಬ್ರೂಸ್ ಲೀ ಮಣಿಯವರ ವೃತ್ತಿಜೀವನವನ್ನು ಅಂಥ ಹಿರಿಯರ ಮುಂದಿಡಬಹುದು.

1996ರಲ್ಲಿ ಇವರೂ ಡ್ರಮ್ ವಾದಕರಾದ ರಾಜೀವ್ ರಾಜಗೋಪಾಲರೂ ಗೆಳೆಯರೊಡನೆ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ಮೇಳವನ್ನು ಕಟ್ಟಿದರು. ‘ಥ್ರೀ ಮಲ್’ ಎಂದರೆ ಮೂವರು ಮಲಯಾಳಿಗಳು, ಮತ್ತೊಬ್ಬರು ಕಾಲುಪಾಲು ಮಲಯಾಳಿ. ಆ ವಿನೋದವೇ ಹೆಸರಾಯಿತು! ಆಗಿನ ರಾಕ್ ಮೇಳಗಳು ಬಹುಮಟ್ಟಿಗೆ ಪರದೇಶದ ಪ್ರಸಿದ್ಧ ಹಾಡುಗಳನ್ನೇ ನುಡಿಸುತ್ತಿದ್ದುವು. ಇವರಾದರೋ ಸ್ವಂತ ರಚನೆಗಳನ್ನು ನೆಚ್ಚಿದರು. ಜಾಜ್, ಬ್ಲೂಸ್, ಫಂಕ್‌ಗಳನ್ನು ರಾಕಿನೊಡನೆ ಬೆಸೆಯುವ ಇವರ ಕ್ರಮವು ಪ್ರೊಗ್ರೆಸಿವ್ ರಾಕಿಗೆ ಸಮೀಪವಾದುದು. ಮಣಿಯವರು ನುಡಿಸುತ್ತಲೇ ಹಾಡುವರು. ಬಾಯಿಗೊಂದು ನಡೆ, ಬೆರಳಿಗೊಂದು ನಡೆ. ಅದರ ಕಷ್ಟವನ್ನು ನಮ್ಮ ಏಕತಾರಿಯವರೂ ಬಲ್ಲರು.

2000ದಲ್ಲಿ ಮೊದಲನೆಯ ಧ್ವನಿಸಂಪುಟವೂ, 2002ರಲ್ಲಿ ‘ಜ್ಯೂಪಿಟರ್ ಕೆಫೆ’ಯೂ ಹೊರಬಂದುವು. ಬಳಿಕ ಜೊತೆಗಾರರು ಬದಲಾದರು; ಮಣಿ, ರಾಜೀವರು ಮಾತ್ರ ಕದಲಲಿಲ್ಲ. 2012ರಲ್ಲಿ, ಮೇಳವು ಮೂವರಿಗೆ ಇಳಿದಿದ್ದಾಗಲೇ, ಮೂರು ಭಾಗಗಳ ‘3 ವೀಲ್ಸ್ 9 ಲೈವ್ಸ್’ ಎಂಬ ದೊಡ್ಡ ಸಂಪುಟವನ್ನು ತಂದರು.

ಇನ್ನು ಹೊಟ್ಟೆಯ ಮಾತು. ಬರಿಯ ಕಚೇರಿಗಳನ್ನೇ ನಂಬಿ ಇವರು ಕುಳಿತುಕೊಳ್ಳಲಿಲ್ಲ. ‘ಟಾಕಾಡೆಮಿ’ ಎಂಬ ಸಂಗೀತಶಾಲೆಯನ್ನು ಬೆಂಗಳೂರಿನಲ್ಲಿ ತೆರೆದು, ಇತರರ ಮಕ್ಕಳಿಗೂ ಗಿಟಾರು ಹಿಡಿಯಲು ಕಲಿಸಿದರು.