ನಿಯಮ ಮಕ್ಕಳಿಗಷ್ಟೇ ಅಲ್ಲ

ನಮ್ಮ ಹೈಸ್ಕೂಲುಗಳ ಗೋಡೆಗಳು ತುಂಬಾ ಮಾತಾಡುತ್ತವೆ. ಸಮಯಕ್ಕೆ ಸರಿಯಾಗಿ ಬನ್ನಿ, ಸಮವಸ್ತ್ರ ಧರಿಸಿ ಬನ್ನಿ, ಮೊಬೈಲ್ ತರಬೇಡಿ, ಕೈ ತೊಳೆದು ಊಟಕ್ಕೆ ಕೂರಿ. ಬಣ್ಣ ಬಣ್ಣದಲ್ಲಿ ಬರೆದ ಈ ಸೂಚನೆಗಳೆಲ್ಲ ಮಕ್ಕಳಿಗೇ. ಇವಲ್ಲದೆ ಇನ್ನೊಂದು ಬಗೆಯ ನಿಯಮಗಳೂ ಇವೆ. ಅವು ಹೆಡ್‌ಮಾಸ್ಟರರ ಕೋಣೆಯ ಬೀರುವಿನೊಳಗೆ, ಸುತ್ತೋಲೆಗಳ ಫೈಲಿನಲ್ಲಿ ಇರುತ್ತವೆ. ಹಾಲು ಎಷ್ಟು ಕೊಡಬೇಕು, ಬಿಸಿಯೂಟದ ಮೊದಲ ತುತ್ತು ಯಾರು ಉಣ್ಣಬೇಕು, ಚೀಲ ಎಷ್ಟು ಭಾರ ಇರಬಹುದು ಎಂದು ದೊಡ್ಡವರಿಗೆ ಹೇಳುವ ನಿಯಮಗಳು ಅವು. ಕಳೆದ ಎರಡು ದಶಕಗಳಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಯ ದಿನಚರಿಯನ್ನು ಹೆಚ್ಚು ಬದಲಿಸಿದ್ದು ಗೋಡೆಯ ಬರಹವಲ್ಲ, ಬೀರುವಿನ ಈ ಫೈಲು.

ಸಾವಧಾನ್, ವಿಶ್ರಾಮ್

ದಿನ ಶುರುವಾಗುವುದು ಪ್ರಾರ್ಥನೆಯ ಲಾಂಗ್ ಬೆಲ್ಲಿನಿಂದ. ಎಂಟು, ಒಂಬತ್ತು, ಹತ್ತನೇ ತರಗತಿಯ ಸಾಲುಗಳು. ಗಿಡ್ಡವರು ಮುಂದೆ, ಉದ್ದದವರು ಹಿಂದೆ. ಪಿ.ಟಿ. ಮಾಸ್ತರರ ‘ಸಾವಧಾನ್, ವಿಶ್ರಾಮ್’ ಮುಗಿದ ಮೇಲೆ ನಾಡಗೀತೆ. ಕುವೆಂಪು ಅವರ ಗೀತೆಯನ್ನು ಸರ್ಕಾರ ನಾಡಗೀತೆಯಾಗಿ ಒಪ್ಪಿಕೊಂಡದ್ದು 2004ರಲ್ಲಿ. ಅದನ್ನು ಎರಡೂವರೆ ನಿಮಿಷದೊಳಗೆ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆಂದು ಗೊತ್ತುಪಡಿಸಿದ್ದು 2022ರಲ್ಲಿ. 2023ರಿಂದ ಸಂವಿಧಾನ ಪೀಠಿಕೆಯ ಓದೂ ಸೇರಿಕೊಂಡಿದೆ. ಆಮೇಲೆ ಪತ್ರಿಕೆಯ ಮುಖ್ಯಾಂಶ, ದಿನಕ್ಕೊಂದು ಗಾದೆ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ಕೊನೆಗೆ ರಾಷ್ಟ್ರಗೀತೆ. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ ಮೈಕಿನ ಮುಂದೆ ಮೊದಲ ಸಲ ನಿಲ್ಲುವುದು ಇಲ್ಲಿಯೇ. ದಿನಕ್ಕೊಂದು ಗುಂಪಿನ ಸರದಿ ಎಂಬ ಸಣ್ಣ ಪದ್ಧತಿಯಿಂದ ಸಿಗುವ ಲಾಭ ಅದು. ಮುಂದೆ ಬರುವವರನ್ನು ಕಾಯುತ್ತ ಕುಳಿತರೆ ವರ್ಷವಿಡೀ ಅದೇ ನಾಲ್ಕು ಮಕ್ಕಳು ಓದುತ್ತಾರೆ.

ಪ್ರಾರ್ಥನೆಯ ಮಗ್ಗುಲಲ್ಲೇ ಇನ್ನೊಂದು ಸಾಲು ಬೆಳೆಯುತ್ತಿರುತ್ತದೆ, ತಡವಾಗಿ ಬಂದವರದು. ಹಳ್ಳಿಯ ಹೈಸ್ಕೂಲಿನಲ್ಲಿ ಈ ಸಾಲಿನ ಉದ್ದವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಬಸ್ಸು. ಸುತ್ತಲಿನ ನಾಲ್ಕೈದು ಊರುಗಳಿಗೆ ಒಂದೇ ಹೈಸ್ಕೂಲು, ಬೆಳಿಗ್ಗೆ ಒಂದೇ ಬಸ್ಸು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಚಿಂತೆ ತಪ್ಪಿದೆ. ಆದರೆ ತುಂಬಿದ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋದರೆ ಉಚಿತ ಪ್ರಯಾಣ ಇದ್ದೂ ಇಲ್ಲದಂತೆ. ಎಂಟನೇ ತರಗತಿಗೆ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಗಿ ಎಷ್ಟೋ ಊರುಗಳಲ್ಲಿ ಈ ಸಾಲನ್ನು ಮೊಟಕು ಮಾಡಿತ್ತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು.

ಹಾಗಿರುವಾಗ ತಡವಾಗಿ ಬಂದವರಿಗೆ ಏನು ಮಾಡಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಗದದ ಮೇಲೆ ಬೆತ್ತ ಹೋಯಿತು, ಬಸ್ಕಿ ಅಲ್ಲಲ್ಲಿ ಉಳಿಯಿತು. ಬಿಸಿಲಲ್ಲಿ ನಿಲ್ಲಿಸಿ ಮೊದಲ ಪಿರಿಯಡ್ಡಿನ ಗಣಿತ ತಪ್ಪಿಸಿದರೆ ತಡವಾಗಿ ಬಂದ ಮಗುವಿಗೆ ನಷ್ಟ ಎರಡು ಪಾಲಾಗುತ್ತದೆ. ತಡವಾದವರ ಹೆಸರಿನ ಜೊತೆಗೆ ಕಾರಣವನ್ನೂ ಬರೆದಿಡುವ ಶಾಲೆಗೆ ಮಾತ್ರ ಯಾವ ಊರಿನ ಮಕ್ಕಳು ದಿನವೂ ತಡ, ಯಾಕೆ ತಡ ಎಂಬುದು ಗೊತ್ತಾಗುತ್ತದೆ. ಅಂಥ ಪಟ್ಟಿ ಹಿಡಿದು ಡಿಪೊ ಮ್ಯಾನೇಜರಿಗೆ ಅರ್ಜಿ ಹಾಕಬಹುದು. ಬಸ್ಕಿ ಹೊಡೆಸಿದ್ದರಿಂದ ಬಸ್ಸು ಬೇಗ ಬಂದದ್ದಂತೂ ಎಲ್ಲೂ ಇಲ್ಲ.

ಹಾಲು, ಊಟ, ನೀರು

2013ರ ಆಗಸ್ಟ್‌ನಲ್ಲಿ ಶುರುವಾದ ‘ಕ್ಷೀರಭಾಗ್ಯ’ದಲ್ಲಿ ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು, ಅದಕ್ಕೆ 18 ಗ್ರಾಂ ಕೆನೆಭರಿತ ಪುಡಿ ಎಂದು ಲೆಕ್ಕ. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಲ್ಲಿ ಐದು ದಿನವಾಯಿತು. 2024ರಲ್ಲಿ ರಾಗಿ ಮಾಲ್ಟ್ ಜೊತೆಯಾಯಿತು. ಬಿಸಿಯೂಟದ್ದು ಇನ್ನೂ ಹಳೆಯ ಕಥೆ. ‘ಅಕ್ಷರ ದಾಸೋಹ’ 2002ರಲ್ಲಿ ಪ್ರಾಥಮಿಕ ಶಾಲೆಗಳಿಂದ ಆರಂಭವಾಗಿ 2007–08ರಲ್ಲಿ ಹೈಸ್ಕೂಲಿಗೆ ಬಂತು. ಕೇಂದ್ರದ ಯೋಜನೆ ಎಂಟನೇ ತರಗತಿಗೇ ನಿಲ್ಲುತ್ತದೆ. ಒಂಬತ್ತು, ಹತ್ತರ ಮಕ್ಕಳ ತಟ್ಟೆಗೆ ರಾಜ್ಯವೇ ಹಣ ಹಾಕುತ್ತದೆ. ಹದಿನಾಲ್ಕು ತುಂಬಿದ ಮೇಲೆ ಹಸಿವು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂಬುದನ್ನು ಅರ್ಥಮಾಡಿಕೊಂಡ ನಿರ್ಧಾರ ಅದು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರದ ಆರೂ ದಿನಕ್ಕೆ ವಿಸ್ತರಿಸಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಈ ಊಟದ ಸುತ್ತ ಇರುವ ನಿಯಮಗಳಲ್ಲಿ ಅತ್ಯಂತ ಅರ್ಥಪೂರ್ಣವಾದದ್ದು ರುಚಿ ನೋಡುವ ವಹಿ. ಬಡಿಸುವ ಮುನ್ನ ಶಿಕ್ಷಕರು ಉಂಡು ಸಹಿ ಹಾಕಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಶಾಲೆಯೂಟ ಉಂಡು 23 ಮಕ್ಕಳು ಸತ್ತ ಮೇಲೆ ದೇಶದೆಲ್ಲೆಡೆ ಈ ನಿಯಮ ಬಿಗಿಯಾಯಿತು. ಎಲ್ಲ ದಿನದ ಸಹಿಯನ್ನೂ ಶನಿವಾರ ಒಟ್ಟಿಗೇ ಹಾಕುವ ಶಾಲೆಯಲ್ಲಿ ವಹಿ ಉಳಿಯುತ್ತದೆ, ನಿಯಮ ಸತ್ತಿರುತ್ತದೆ.

ನೀರಿನ ಬೆಲ್ಲಿನ ಕಥೆ ಇನ್ನಷ್ಟು ಪಾಠ ಹೇಳುತ್ತದೆ. ಮಕ್ಕಳು ಸಾಕಷ್ಟು ನೀರು ಕುಡಿಯುವುದಿಲ್ಲ ಎಂದು 2019ರಲ್ಲಿ ಕೇರಳದ ಶಾಲೆಗಳು ‘ವಾಟರ್ ಬೆಲ್’ ಬಾರಿಸಿದವು, ಅದರ ಬೆನ್ನಿಗೇ ಕರ್ನಾಟಕವೂ ಬಾರಿಸಿತು. ಬೆಲ್ಲಾದರೆ ಹುಡುಗರು ಬಾಟಲಿ ಎತ್ತುತ್ತಾರೆ. ಹುಡುಗಿಯರಲ್ಲಿ ಕೆಲವರು ತುಟಿ ಒದ್ದೆ ಮಾಡಿಕೊಂಡು ಇಟ್ಟುಬಿಡುತ್ತಾರೆ. ಚಿಲಕವಿಲ್ಲದ, ನೀರಿಲ್ಲದ ಶೌಚಾಲಯಕ್ಕೆ ಹೋಗಬೇಕಾದೀತು ಎಂಬ ಭಯಕ್ಕೆ ಬಾಯಾರಿಕೆಯೇ ವಾಸಿ ಅನ್ನಿಸುತ್ತದೆ. ಸ್ಯಾನಿಟರಿ ಪ್ಯಾಡ್ ಕೊಡುವ ‘ಶುಚಿ’ ಯೋಜನೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾಗಿದೆ. ಅದೂ ಬಳಕೆಗೆ ಬರುವುದು ಬಾಗಿಲು ಮುಚ್ಚುವ, ನಲ್ಲಿಯಲ್ಲಿ ನೀರು ಬರುವ ಕೋಣೆ ಇದ್ದಲ್ಲಿ ಮಾತ್ರ. ಮಕ್ಕಳಿಗೆ ನೀರು ಕುಡಿಯಿರಿ ಎನ್ನುವ ಶಾಲೆ ಮೊದಲು ಶೌಚಾಲಯದ ಚಿಲಕ ರಿಪೇರಿ ಮಾಡಿಸಬೇಕು.

ಬಟ್ಟೆ ಮತ್ತು ಚೀಲ

ಸಮವಸ್ತ್ರ ಕಡ್ಡಾಯ ಮಾಡಿದ ಸರ್ಕಾರ ಬಟ್ಟೆಯನ್ನೂ ಕೊಡುತ್ತದೆ; 2015–16ರಿಂದ ಶೂ, ಸಾಕ್ಸ್ ಕೂಡ. ಬಟ್ಟೆ ತಡವಾಗಿ ಬಂದ ವರ್ಷ ಕಳೆದ ಸಾಲಿನ ಗಿಡ್ಡ ಲಂಗ, ಬಿಗಿ ಪ್ಯಾಂಟಿನಲ್ಲೇ ಮಕ್ಕಳು ಸಾಲು ನಿಲ್ಲುತ್ತಾರೆ. ಆಗ ತಪ್ಪು ಯಾರದ್ದು ಎಂದು ಕೇಳುವವರು ಕಡಿಮೆ. ಸಮವಸ್ತ್ರದ ಪ್ರಶ್ನೆ ಎಷ್ಟು ಆಳಕ್ಕಿಳಿಯಬಲ್ಲದು ಎಂಬುದನ್ನು 2022ರ ಹಿಜಾಬ್ ವಿವಾದ ತೋರಿಸಿತು. ಮಾರ್ಚ್‌ನಲ್ಲಿ ಹೈಕೋರ್ಟ್ ಸಮವಸ್ತ್ರ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾಯಾಲಯಗಳು ವಾದ ಆಲಿಸುತ್ತಿದ್ದ ದಿನಗಳಲ್ಲಿ ತರಗತಿ ಕಳೆದುಕೊಂಡವರು ಮಾತ್ರ ಹುಡುಗಿಯರು.

ಚೀಲಕ್ಕೂ ತೂಕ ಗೊತ್ತುಮಾಡಿದ್ದಾರೆ. 2019ರ ಆದೇಶದಂತೆ ಒಂಬತ್ತು, ಹತ್ತನೇ ತರಗತಿಯ ಚೀಲ 4ರಿಂದ 5 ಕಿಲೋ ಮೀರುವಂತಿಲ್ಲ. ತಿಂಗಳ ಮೂರನೇ ಶನಿವಾರ ಚೀಲವಿಲ್ಲದ ‘ಸಂಭ್ರಮ ಶನಿವಾರ’. ಇದು ನಡೆಯಬೇಕಾದರೆ ಹುಡುಗನ ಬೆನ್ನಿನತ್ತ ನೋಡುವುದಕ್ಕಿಂತ ವೇಳಾಪಟ್ಟಿಯತ್ತ ನೋಡಬೇಕು. ಯಾವ ದಿನ ಯಾವ ನೋಟ್‌ಬುಕ್ ಎಂದು ಮೇಷ್ಟ್ರುಗಳು ಕೂತು ಹೊಂದಿಸಿಕೊಂಡರೆ ಚೀಲ ತಾನಾಗಿ ಹಗುರಾಗುತ್ತದೆ.

ಹತ್ತನೇ ತರಗತಿಯ ಪಂಚಾಂಗ

ದಸರಾ ರಜೆ ಮುಗಿದದ್ದೇ ಹತ್ತನೆಯವರ ಗಡಿಯಾರ ಬೇರೆಯಾಗುತ್ತದೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು. ಐದು ಗಂಟೆಗೇ ಫೋನು ಮಾಡಿ ‘ಎದ್ದೆಯೇನೋ’ ಎಂದು ಕೇಳುವ ಶಿಕ್ಷಕರೂ ಹಲವೆಡೆ ಇದ್ದಾರೆ. ಗುರಿ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ ನೂರು. ಶೇ 75 ಹಾಜರಿ ಇಲ್ಲದವರಿಗೆ ಪರೀಕ್ಷೆಗೆ ತೊಡಕು. ಕಾಫಿ ಕೊಯ್ಲಿಗೋ ಕಬ್ಬು ಕಡಿಯುವುದಕ್ಕೋ ಅಪ್ಪ ಅಮ್ಮನ ಜೊತೆ ಊರು ಬಿಡುವ ಮಕ್ಕಳಿಗೆ ಈ ಲೆಕ್ಕ ಕಠಿಣ. ಇಲ್ಲಿಯೂ ದೊಡ್ಡವರು ಒಂದು ಹೆಜ್ಜೆ ಇಟ್ಟಿದ್ದಾರೆ. 2023–24ರಲ್ಲಿ ಒಂದೇ ವರ್ಷದಲ್ಲಿ ಪರೀಕ್ಷೆ–1, 2, 3 ಎಂದು ಮೂರು ಅವಕಾಶ ಕೊಡುವ ಪದ್ಧತಿ ಬಂತು. ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಹೋಯಿತು.

ಎಲ್ಲ ನಿಯಮಗಳನ್ನೂ ಬರೆಯುವವರು ದೊಡ್ಡವರೇ. ಮಕ್ಕಳು ಅವನ್ನು ಪ್ರಶ್ನಿಸಲು ಜಾಗವಿಲ್ಲವೇ? ಇದೆ, ಬಳಕೆ ಕಡಿಮೆ. ಜೂನ್–ಜುಲೈಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ, ಬೆರಳಿಗೆ ಶಾಯಿ ಹಚ್ಚಿ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಯನ್ನು ಆರಿಸುತ್ತಾರೆ. ಪ್ರಮಾಣವಚನದ ಫೋಟೊ ತೆಗೆದ ಮೇಲೆ ಸ್ವಚ್ಛತಾ ಮಂತ್ರಿಗೆ ಪೊರಕೆಯ ಉಸ್ತುವಾರಿ ಮಾತ್ರ ಉಳಿಯುತ್ತದೆ. ರುಚಿ ನೋಡುವ ವಹಿಯನ್ನು ಆಹಾರ ಮಂತ್ರಿ ತಿಂಗಳಿಗೊಮ್ಮೆ ತೆರೆದು ನೋಡಲಿ, ಶೌಚಾಲಯದ ಚಿಲಕದ ಬಗ್ಗೆ ಸ್ವಚ್ಛತಾ ಮಂತ್ರಿ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಲಿ. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಅಲ್ಲಿ ಮಕ್ಕಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಎದುರು ಬಸ್ಸಿನ ಮಾತೆತ್ತಲಿ. ‘ಸಮಯಕ್ಕೆ ಸರಿಯಾಗಿ ಬನ್ನಿ’ ಎಂದು ಬರೆದ ಶಾಲೆಗೆ ‘ಬರುವಂತೆ ಮಾಡಿ’ ಎಂದು ಕೇಳುವ ಹಕ್ಕು ಮಕ್ಕಳಿಗೂ ಇದೆ. ಅದನ್ನು ಕಲಿಸದಿದ್ದರೆ ಪೀಠಿಕೆಯನ್ನು ದಿನವೂ ಓದಿಸಿ ಪ್ರಯೋಜನವೇನು?