ಮೊದಲು ಬಾಗಿಲು ಮುಂದೆ ಮಾಡಿ

ಬ್ಯಾಡಗಿಯ ಹೆಣ್ಣುಮಕ್ಕಳು ಬೆಳಗಾಗೆದ್ದು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ. ರಾಣೆಬೆನ್ನೂರು ಕಡೆಯವರು ಬೀಜದ ಹೊಲಗಳ ಕ್ರಾಸಿಂಗ್ ಕೆಲಸಕ್ಕೆ. ಗಂಡುಮಕ್ಕಳು ದುಡಿಯಲು ಬೆಂಗಳೂರು, ಗೋವಾ ಸೇರಿದ್ದಾರೆ. ಹಾಸಿಗೆ ಹಿಡಿದವರ ಬಳಿ ಹಗಲು ಯಾರೂ ಇಲ್ಲ. ಹಾಗಾಗಿ ವೃದ್ಧಾಶ್ರಮಕ್ಕೆ ಬಿಟ್ಟವರನ್ನೆಲ್ಲ ಕಲ್ಲೆದೆಯವರೆಂದು ಬೈಯಲು ನನಗೆ ಮನಸ್ಸಾಗದು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಹಾವೇರಿ ಸುತ್ತಿನ ಆಶ್ರಮಗಳ ಆಯಾಗಳಿಗೆ ಆರೈಕೆ ಹೇಳಿಕೊಡುತ್ತೇನೆ. ಹೊಟ್ಟೆಬಟ್ಟೆಗೆ ಕಡಿಮೆ ಮಾಡದ ಕಡೆಯೂ ಹಿರಿಯರ ಮಾನಕ್ಕೆ ಕಾವಲಿಲ್ಲ.

ಸ್ನಾನದ ಹೊತ್ತನ್ನೇ ನೋಡಿ. ಜೀವಮಾನವಿಡೀ ತಲೆ ಮೇಲಿನ ಸೆರಗು ಜಾರಗೊಡದ ಅಜ್ಜಿಯನ್ನು, ಬಾಗಿಲು ತೆರೆದಿಟ್ಟುಕೊಂಡೇ ಬರಿಮೈಯಲ್ಲಿ ಕೂರಿಸಿ ನೀರು ಹೊಯ್ಯುವುದನ್ನು ಕಂಡಿದ್ದೇನೆ. ಆಯಾ ಕೆಟ್ಟವಳಲ್ಲ, ಕೆಲಸ ಬೇಗ ಮುಗಿಯಬೇಕು ಅವಳಿಗೆ. ನಾನು ಹೇಳುವುದಿಷ್ಟು: ಮೊದಲು ಬಾಗಿಲು ಮುಂದೆ ಮಾಡು. ‘ಯವ್ವಾ, ಈಗ ಮೈ ತೊಳೀಲೇನು?’ ಎಂದು ಕೇಳು. ಬೇಡವೆಂದರೆ ಸ್ವಲ್ಪ ಹೊತ್ತು ಬಿಟ್ಟು ಬಾ. ಎದ್ದು ಕೂರಲಾಗದವರಿಗೆ ಮೈತುಂಬ ದುಪ್ಪಟಿ ಹೊದಿಸಿ, ಒಂದು ಕೈಯಷ್ಟೇ ಹೊರತೆಗೆದು ಒರೆಸಬೇಕು. ಅದನ್ನು ಮುಚ್ಚಿದ ಮೇಲೆಯೇ ಇನ್ನೊಂದು ಕೈ. ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಹೇನಿನ ನೆಪ ಹೇಳಿ ಅಜ್ಜಿಯರ ತಲೆ ಬೋಳಿಸುವುದಂತೂ ಕ್ರೌರ್ಯವೇ. ಹೇನಿಗೆ ಔಷಧಿಯಿದೆ.

ನಡೆಯಬಲ್ಲವರಿಗೂ ಡೈಪರ್ ಕಟ್ಟಿಬಿಡುತ್ತಾರೆ. ಎರಡು-ಮೂರು ತಾಸಿಗೊಮ್ಮೆ ಕೈಹಿಡಿದು ಪಾಯಖಾನೆಗೆ ಕರೆದೊಯ್ದರೆ ಎಷ್ಟೋ ಜನಕ್ಕೆ ಅದು ಬೇಕಾಗುವುದಿಲ್ಲ. ಹಸಿಯಲ್ಲೇ ಮಲಗಿಸಿದರೆ ಚರ್ಮ ಮೆತ್ತಗಾಗಿ ಹುಣ್ಣೇಳುತ್ತದೆ.

ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಜಾಗವಿರಲಿ ಎನ್ನುತ್ತದೆ. ಜಾಗದ ಲೆಕ್ಕ ಸರಿ. ಆದರೆ ಒಬ್ಬ ಆಯಾಗೆ ಇಡೀ ವಾರ್ಡು ಒಪ್ಪಿಸಿದರೆ ಬಾಗಿಲು ಮುಂದೆ ಮಾಡಲು ಅವಳಿಗೆ ಪುರಸೊತ್ತೆಲ್ಲಿ? ಆಶ್ರಮ ನಡೆಸುವವರು ಮೊದಲು ಕೈಯಾಳು ಹೆಚ್ಚಿಸಬೇಕು, ಅವರಿಗೆ ನೆಟ್ಟಗೆ ಸಂಬಳ ಕೊಡಬೇಕು.

ಹೊರಗಿನ ನಾವೂ ಬದಲಾಗಬೇಕು. ಮಗುವಿನ ಹುಟ್ಟುಹಬ್ಬಕ್ಕೆಂದು ಊಟ ತಂದವರು, ತಟ್ಟೆ ಹಿಡಿದು ನಿಂತ ಅಜ್ಜನ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಒಂದು ಕಾಲಕ್ಕೆ ಊರ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದ ಹಿರಿಯರಿರಬಹುದು ಅವರು. ಊಟ ಕೊಡಿ, ಫೋಟೊ ಬೇಡ. ಹೋದಾಗ ಬಚ್ಚಲಿಗೆ ಬಾಗಿಲೋ ಪರದೆಯೋ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಹುಟ್ಟುಹಬ್ಬದ ದುಡ್ಡಿನಲ್ಲಿ ಅದನ್ನೇ ಹಾಕಿಸಿಕೊಡಿ. ಹಿರಿಯರನ್ನು ಹೊಡೆದು ಬಡಿದು ಮಾಡುವುದು ಕಂಡರೆ ಸಹಾಯವಾಣಿ 14567ಕ್ಕೆ ತಿಳಿಸಿ, ಕರೆಗೆ ಕಾಸಿಲ್ಲ.